ಒಲೆಯೊಳಗಿನ ಕಾಲು



ಈ ಪುಟದಲ್ಲಿ ನಾವು ತಿಂಗಳು ತಿಂಗಳೂ ಪದಗಳ ಹುಟ್ಟು, ಹಳೆಯ ಗ್ರಂಥಗಳ ಪಾಠ, ಮಠಮನೆಗಳ ಆಚಾರವಿಚಾರ ಮೊದಲಾದವನ್ನು ಕುರಿತು ಬರೆಯುವುದು ವಾಡಿಕೆ. ಈ ಸಲ ಒಂದು ದೆವ್ವದ ಚಲನಚಿತ್ರವನ್ನು ಕುರಿತು ಬರೆಯಲು ಕುಳಿತಿದ್ದೇವೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತು, ಅರವತ್ತು ದಾಟಿದ ಪಂಡಿತನಿಗೆ ಇದೇನು ಬುದ್ಧಿ ಎಂದು ಹಿರಿಯರು ಹುಬ್ಬೇರಿಸಬಹುದು. ಅವರಲ್ಲಿ ನಮ್ಮ ಬಿನ್ನಹವಿಷ್ಟೆ: ಪೂರ್ತಿ ಓದಿ, ಆಮೇಲೆ ಬೈಯಬೇಕು.

ಕಳೆದ ದಸರೆಯ ರಜೆಯಲ್ಲಿ ನಮ್ಮ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಆಕೆಗೆ ಹದಿಮೂರು ವರ್ಷ. ಒಂದು ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಯಾವುದೋ ದೆವ್ವದ ಚಿತ್ರ ನೋಡುತ್ತಿದ್ದವಳು, ಥಟ್ಟನೆ ನಮ್ಮ ಕಡೆ ತಿರುಗಿ, "ತಾತಾ, ನೀವು ಚಿಕ್ಕವರಿದ್ದಾಗ ಯಾವ ದೆವ್ವದ ಪಿಕ್ಚರ್ ನೋಡಿ ಹೆದರಿದ್ರಿ?" ಎಂದು ಕೇಳಿದಳು. "ಜಗನ್ಮೋಹಿನಿ" ಎಂಬ ಹೆಸರು ನಮ್ಮ ಬಾಯಿಂದ ತಾನಾಗಿಯೇ ಹೊರಬಿದ್ದಿತು. ನಲವತ್ತಕ್ಕೂ ಹೆಚ್ಚು ವರ್ಷ ಆ ಹೆಸರನ್ನು ನಾವು ಉಚ್ಚರಿಸಿರಲಿಲ್ಲ. ಮಗು ಕ್ಷಣಮಾತ್ರದಲ್ಲಿ ಅದನ್ನು ಹುಡುಕಿ ತೆಗೆದು, ನಮ್ಮ ಮಗ್ಗುಲಿಗೆ ಬಂದು ಕುಳಿತು, "ನೋಡೋಣ ಬನ್ನಿ" ಎಂದಳು. ಬೇಡವೆನ್ನುವ ಮನಸ್ಸಿದ್ದರೂ ಬಾಯಿ ಬರಲಿಲ್ಲ.

ಆ ಚಿತ್ರವನ್ನು ನಾವು ಮೊದಲು ನೋಡಿದ್ದು 1979ರ ಚಳಿಗಾಲದಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಆಗ ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯ ಒಂದು ಮಠದ ಉಚಿತ ಪ್ರಸಾದನಿಲಯದಲ್ಲಿ ಇದ್ದುಕೊಂಡು ಓದುತ್ತಿದ್ದೆವು. ಹಗಲು ಊರಿನ ಶಾಲೆ. ಬೆಳಗು ಬೈಗಿನಲ್ಲಿ ಮಠದ ಪಾಠಶಾಲೆ. ಅಣೆಕಟ್ಟಿನ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಸುತ್ತಲಿನ ಭೂಮಿ ಬತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದಿಂದ ಬಂದ ರೈತರು ಅಲ್ಲಲ್ಲಿ 'ಕ್ಯಾಂಪು'ಗಳನ್ನು ಕಟ್ಟಿಕೊಂಡು ನೆಲೆಸಿದರು. ಅವರ ಹಿಂದೆಯೇ ತೆಲುಗು ಚಿತ್ರಗಳೂ ಬಂದವು. ಸುಗ್ಗಿ ಮುಗಿದು ಕೈಯಲ್ಲಿ ಕಾಸಾಡುವ ಹೊತ್ತಿಗೆ ಬಯಲಿನಲ್ಲಿ ಟೆಂಟು ಏಳುತ್ತಿತ್ತು. ಸಂಜೆಯಾದೊಡನೆ ಧ್ವನಿವರ್ಧಕದಲ್ಲಿ ಘಂಟಸಾಲರ ಭಕ್ತಿಗೀತೆ ಮೊಳಗಿದರೆ, ಆಟ ಶುರುವಾಗುವುದೆಂದು ಮೂರು ಹರದಾರಿ ಸುತ್ತಳತೆಯ ಹಳ್ಳಿಗಳಿಗೆಲ್ಲ ತಿಳಿಯುತ್ತಿತ್ತು.

ಪ್ರಸಾದನಿಲಯದ ಮಕ್ಕಳಿಗೆ ಸಿನಿಮಾ ನಿಷಿದ್ಧ. ನಿಷೇಧವಿದ್ದಲ್ಲಿ ಉಲ್ಲಂಘನೆಯೂ ಇರುವುದು ಲೋಕದ ನಿಯಮ. ಅಜ್ಜಾರು, ಎಂದರೆ ಮಠದ ಹಿರಿಯ ಶ್ರೀಗಳು, ಪರಸ್ಥಳಕ್ಕೆ ದಯಮಾಡಿಸಿದ್ದ ಒಂದು ರಾತ್ರಿ ನಾವು ಮೂವರು ಹುಡುಗರು ಹಿತ್ತಿಲ ಗೋಡೆ ಹಾರಿದೆವು. ನೆಲದ ಟಿಕೆಟ್ಟಿಗೆ ಎಂಟಾಣೆ. ಮರಳಿನ ಮೇಲೆ ಕುಳಿತೆವು. ಗಂಡಸರಿಗೂ ಹೆಂಗಸರಿಗೂ ನಡುವೆ ಮೊಳಕಾಲೆತ್ತರದ ಮಣ್ಣಿನ ಗೋಡೆ. ಟೆಂಟಿನವನ ಬಳಿ ಇದ್ದುದು ಒಂದೇ ಯಂತ್ರವಾದ್ದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಆ ದೀಪದ ಬೆಳಕೇ ಅಂದು ನಮ್ಮ ಪಾಲಿನ ದೇವರು.

ಈಗಿನ ಓದುಗರಿಗೆ ಆ ಚಿತ್ರದ ಪರಿಚಯ ಇರಲಾರದು. 'ಜಗನ್ಮೋಹಿನಿ' 1978ರ ತೆಲುಗು ಚಿತ್ರ. ನರಸಿಂಹರಾಜು ನಾಯಕ, ಪ್ರಭಾ ನಾಯಕಿ, ಜಯಮಾಲಿನಿ ಮೋಹಿನಿ. ಅದನ್ನು ನಿರ್ಮಿಸಿ ನಿರ್ದೇಶಿಸಿದವರು ಬಿ. ವಿಠಲಾಚಾರ್ಯರು. ತೆಲುಗು ಜನ ಅವರನ್ನು 'ಜಾನಪದ ಬ್ರಹ್ಮ' ಎಂದು ಕೊಂಡಾಡಿದರಾದರೂ ಅವರು ನಮ್ಮವರು. 1920ರಲ್ಲಿ ಉಡುಪಿಯ ಬಳಿಯ ಉದ್ಯಾವರದಲ್ಲಿ ಹುಟ್ಟಿದ ಕನ್ನಡಿಗರು. ಎಳೆಯ ವಯಸ್ಸಿನಲ್ಲಿಯೇ ಮನೆಬಿಟ್ಟು ಅರಸೀಕೆರೆಗೆ ಬಂದು, ದುಡಿದು, ಅಲ್ಲಿ ಉಡುಪಿ ಹೋಟೆಲು ನಡೆಸಿದರು. 'ಭಾರತ ಬಿಟ್ಟು ತೊಲಗಿ' ಚಳವಳಿಯಲ್ಲಿ ಸೆರೆಮನೆ ಕಂಡರು. ಹೊರಬಂದ ಮೇಲೆ ಗೆಳೆಯ ಡಿ. ಶಂಕರ್‌ಸಿಂಗ್ ಮೊದಲಾದವರೊಡನೆ ಹಾಸನದ ಸೀಮೆಯಲ್ಲಿ ಟೂರಿಂಗ್ ಟಾಕೀಸು ನಡೆಸಿದರು. ಅವರ ಸಿನಿಮಾ ಶಾಲೆ ಆ ಟೆಂಟೇ. ಬಂದ ಚಿತ್ರವನ್ನೆಲ್ಲ ನೋಡುವುದು, ನೆಲದ ಮೇಲೆ ಕುಳಿತವರು ಎಲ್ಲಿ ನಗುತ್ತಾರೆ, ಎಲ್ಲಿ ಉಸಿರು ಬಿಗಿಹಿಡಿಯುತ್ತಾರೆ ಎಂದು ಕಾಣುವುದು: ಇದೇ ಪಾಠ. ಮುಂದೆ ಮೈಸೂರಿನಲ್ಲಿ ಈ ಗೆಳೆಯರು ಕಟ್ಟಿದ ಮಹಾತ್ಮ ಪಿಕ್ಚರ್ಸ್ ಸಂಸ್ಥೆ 'ನಾಗಕನ್ನಿಕಾ', 1951ರ ಕನ್ನಡದ 'ಜಗನ್ಮೋಹಿನಿ' ಮೊದಲಾದ ಚಿತ್ರಗಳನ್ನು ತೆಗೆಯಿತು. ಬಳಿಕ ಆಚಾರ್ಯರು ಸ್ವಂತ ಸಂಸ್ಥೆ ಕಟ್ಟಿ ಮದರಾಸಿಗೆ ಹೋದರು. 1963ರಲ್ಲಿ ರಾಜ್‌ಕುಮಾರ್ ಅವರ 'ವೀರಕೇಸರಿ'ಯನ್ನು ನಿರ್ದೇಶಿಸಿದವರೂ ಇವರೇ. 1999ರಲ್ಲಿ ತೀರಿಕೊಂಡರು.

ಅವರ ಮಿತವ್ಯಯದ ಬಗೆಗೆ ಚಿತ್ರರಂಗದಲ್ಲಿ ಕಥೆಗಳೇ ಇವೆ. ಒಂದು ಚಿತ್ರಕ್ಕೆ ಕಟ್ಟಿದ ಅರಮನೆ ಇನ್ನೊಂದು ಚಿತ್ರದಲ್ಲಿ ಗುಹೆಯಾಗುತ್ತಿತ್ತಂತೆ. ನಟನೊಬ್ಬ ಹೇಳಿದ ದಿನಕ್ಕೆ ಬಾರದೆ ಸತಾಯಿಸಿದರೆ, ಅವನ ಪಾತ್ರಕ್ಕೆ ಮುನಿಯಿಂದ ಶಾಪ ಕೊಡಿಸಿ, ಅವನನ್ನು ಗಿಳಿಯನ್ನೋ ಆಡನ್ನೋ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರಂತೆ. ಮಾತು ಎಷ್ಟು ನಿಜವೋ! ಆದರೆ ಅವರ ದೆವ್ವಗಳನ್ನು ನೋಡಿದರೆ ನಂಬಬೇಕೆನಿಸುತ್ತದೆ. ಹಣವಿದ್ದವರ ದೆವ್ವ ಕೋಟೆಯಲ್ಲಿ, ಬಂಗಲೆಯಲ್ಲಿ ವಾಸಿಸುತ್ತದೆ. ಆಚಾರ್ಯರ ದೆವ್ವ ಅಡುಗೆಮನೆಯಲ್ಲಿ ವಾಸಿಸುತ್ತದೆ. ಒಲೆ, ಪಾತ್ರೆ, ಸೌದೆಗಳಿಗಿಂತ ಹೆಚ್ಚಿನ ಬಂಡವಾಳ ಅದಕ್ಕೆ ಬೇಡ. ಹೋಟೆಲಿನ ಒಲೆಯ ಮುಂದೆ ಬದುಕು ಆರಂಭಿಸಿದವರು ದೆವ್ವವನ್ನೂ ಒಲೆಯ ಮುಂದೆಯೇ ಕೂರಿಸಿದರೆಂದು ನಮಗೆ ತೋರುತ್ತದೆ. ಇದು ನಮ್ಮ ಊಹೆ ಮಾತ್ರ.

ಜಗನ್ಮೋಹಿನಿಯನ್ನು ನೋಡಿದವರು ಉಳಿದುದನ್ನೆಲ್ಲ ಮರೆತರೂ ಒಂದು ದೃಶ್ಯವನ್ನು ಮರೆಯುವುದಿಲ್ಲ. ಅಡುಗೆಗೆ ಸೌದೆಯ ಬದಲು ಹೆಣ್ಣುದೆವ್ವ ತನ್ನ ಕಾಲನ್ನೇ ಒಲೆಗೆ ಇಡುತ್ತದೆ. ಕಾಲು ಕೊಳ್ಳಿಯಂತೆ ಉರಿಯುತ್ತದೆ. ಮೇಲೆ ಅಡುಗೆ ಬೇಯುತ್ತದೆ.

ಟೆಂಟಿನಲ್ಲಿ ಹಿರಿಯರೆಲ್ಲ ಗೊಳ್ಳೆಂದು ನಕ್ಕರು. ಅದು ನಗಿಸಲೆಂದೇ ತೆಗೆದ ದೃಶ್ಯ. ಹೆಂಗಸರ ಕಡೆಯಿಂದ ಯಾರೋ, "ನಮ್ಮನಿಗೂ ಇಂಥಾಕಿ ಒಬ್ಬಾಕಿ ಬೇಕವ್ವಾ, ಕಟ್ಟಿಗಿ ರೊಕ್ಕ ಉಳೀತದ" ಎಂದದ್ದು ಈಗಲೂ ಕಿವಿಯಲ್ಲಿದೆ. ನಾವು ಮೂವರು ಮಾತ್ರ ನಗಲಿಲ್ಲ. ಮರಳಿ ಬರುವಾಗ ಕಾಲುವೆಯ ಏರಿಯ ಮೇಲೆ, ರುದ್ರಭೂಮಿಯ ಬದಿಯಲ್ಲಿ ನಡೆಯಬೇಕಾಗಿತ್ತು. ಕೊರಳಿನ ಕರಡಿಗೆಯನ್ನು ಎರಡೂ ಕೈಗಳಿಂದ ಬಿಗಿಹಿಡಿದು, ಒಬ್ಬರ ಹಿಂದೊಬ್ಬರು ಓಡಿದೆವು. ಗದ್ದೆಯ ಕಪ್ಪೆಯೂ ಅಂದು ಮೋಹಿನಿಯ ಭಾಷೆಯನ್ನೇ ಆಡುತ್ತಿತ್ತು.

ವಿಚಿತ್ರವೆಂದರೆ, ದೆವ್ವವಿಲ್ಲವೆಂಬ ಶಾಸ್ತ್ರ ನಮಗೆ ಬಾಯಿಪಾಠವಾಗಿತ್ತು. ಲಿಂಗೈಕ್ಯನಾದವನು ಬಯಲಲ್ಲಿ ಬಯಲಾಗುವನು, ಅಲೆಯುವುದಕ್ಕೆ ಉಳಿಯುವುದಿಲ್ಲ ಎಂದು ಪಾಠಶಾಲೆಯ ಶಾಸ್ತ್ರಿಗಳು ಹೇಳಿಕೊಟ್ಟಿದ್ದರು. ಸಂಸ್ಕೃತದ 'ದೈವ' ಶಬ್ದವೇ ಪ್ರಾಕೃತದ ದಾರಿ ಹಿಡಿದು ಕನ್ನಡಕ್ಕೆ 'ದೆವ್ವ'ವಾಗಿ ಬಂದಿತೆಂದು ತದ್ಭವ ಪ್ರಕರಣದ ಪಾಠದಲ್ಲಿ ವಿವರಿಸಿ, "ನೀವು ಹೆದರುವುದು ಕೆಟ್ಟುಹೋದ ಒಂದು ಶಬ್ದಕ್ಕೆ" ಎಂದು ನಕ್ಕಿದ್ದರು. ತಿಳಿವು ನಾಲಗೆಯ ಮೇಲಿತ್ತು, ಹೊಟ್ಟೆಯೊಳಕ್ಕೆ ಇಳಿದಿರಲಿಲ್ಲ. ಹೆದರಿಕೆ ವ್ಯಾಕರಣವನ್ನು ಕೇಳುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಮೊಮ್ಮಕ್ಕಳನ್ನು ನಗಿಸುವ ಕಥೆಯಾಗುತ್ತಿತ್ತು. ಮುಂದಿನದನ್ನು ನಾವು ಈವರೆಗೆ ಯಾರ ಮುಂದೆಯೂ ಹೇಳಿಲ್ಲ.

ಮಠದ ಅಡುಗೆಮನೆಗೆ ಕಟ್ಟಿಗೆ ತರುವ ಒಬ್ಬ ತಾಯಿ ಇದ್ದಳು. ನಡುವಯಸ್ಸಿನವಳು. ಗಂಡನಿರಲಿಲ್ಲ, ಮಕ್ಕಳಿರಲಿಲ್ಲ; ಕಾಲುವೆಯ ಆಚೆ ಒಂದು ಜೋಪಡಿಯಲ್ಲಿ ಒಬ್ಬಳೇ ಇರುತ್ತಿದ್ದಳು. ನಾವೆಲ್ಲ ಆಕೆಯನ್ನು 'ಕಟ್ಟಿಗವ್ವ' ಎಂದೇ ಕರೆಯುತ್ತಿದ್ದೆವು. ನಸುಕಿನಲ್ಲಿ ಜಾಲಿಯ ಕಟ್ಟಿಗೆಯ ಹೊರೆ ತಂದು ಇಳಿಸಿ, ದೊಡ್ಡ ಒಲೆಗೆ ಉರಿ ಹಾಕಿ, ನೂರು ಮಕ್ಕಳ ನುಚ್ಚು ಬೇಯುವವರೆಗೆ ಅದರ ಮುಂದೆ ಕುಳಿತಿರುತ್ತಿದ್ದಳು. ಅಡುಗೆಯ ಅಯ್ಯನವರು ಕೊಟ್ಟ ಪ್ರಸಾದ ಕಟ್ಟಿಕೊಂಡು ಹೋಗುತ್ತಿದ್ದಳು. ಮಾತು ಕಡಿಮೆ. ಎಡಗಾಲನ್ನು ತುಸು ಎಳೆದು ನಡೆಯುತ್ತಿದ್ದಳು. ಆ ಕಾಲಿನ ಮೀನಗಂಡದಿಂದ ಪಾದದವರೆಗೆ ಸುಟ್ಟ ಗಾಯದ ಕಲೆಯಿತ್ತು. ಚರ್ಮ ಸುಕ್ಕುಗಟ್ಟಿ ಬೇರೆಯೇ ಬಣ್ಣಕ್ಕೆ ತಿರುಗಿತ್ತು.

ಟೆಂಟಿಗೆ ಹೋಗಿ ಬಂದ ಮರುದಿನ ನಸುಕಿನಲ್ಲಿ ಮುಖ ತೊಳೆಯಲು ಬಿಸಿನೀರು ತರಬೇಕೆಂದು ಹುಡುಗರ ಗುಂಪು ಅಡುಗೆಮನೆಗೆ ಹೋಯಿತು. ಒಳಗೆ ದೀಪವಿರಲಿಲ್ಲ, ಒಲೆಯ ಬೆಳಕು ಮಾತ್ರ. ಕಟ್ಟಿಗವ್ವ ಒಲೆಯ ಮುಂದೆ ಕುಳಿತಿದ್ದಳು. ಆಕೆಯ ಎರಡೂ ಕೈಗಳಲ್ಲಿ ಮೊರವಿತ್ತು, ನುಚ್ಚು ಕೇರುತ್ತಿದ್ದಳು. ಒಲೆಯ ಬಾಯಿಂದ ಒಂದು ಕೊಳ್ಳಿ ಹೊರಕ್ಕೆ ಚಾಚಿಕೊಂಡಿತ್ತು. ಕೈ ಬಿಡುವಿಲ್ಲದ್ದರಿಂದ ಎಡಗಾಲು ಚಾಚಿ ಆ ಕೊಳ್ಳಿಯನ್ನು ಒಳಕ್ಕೆ ನೂಕಿದಳು. ಒಲೆಯ ಮುಂದೆ ದುಡಿಯುವ ಹೆಂಗಸರೆಲ್ಲ ಮಾಡುವ ಕೆಲಸವೇ ಅದು. ನಮಗೆ ಕಂಡದ್ದು ಉರಿಯೊಳಗೆ ಹೋಗುತ್ತಿದ್ದ ಸುಟ್ಟ ಕಾಲು.

"ಮೋಹಿನಿ! ಜಗನ್ಮೋಹಿನಿ!" ಎಂಬ ಕೂಗೆದ್ದಿತು. ಹುಡುಗರು ಚೆಂಬುಗಳನ್ನು ಅಲ್ಲಿಯೇ ಚೆಲ್ಲಿ ಓಡಿದರು.

ಇಲ್ಲಿ ಒಂದು ವ್ಯಾಕರಣದ ಮಾತು ಹೇಳಬೇಕು. ಈ ಅಂಕಣದಲ್ಲಿ ನಾವು ಮೊದಲಿನಿಂದಲೂ 'ನಾವು' ಎಂದೇ ಬರೆಯುತ್ತ ಬಂದಿದ್ದೇವೆ. ಅದು ಗುರುಗಳಿಂದ ಬಂದ ಪದ್ಧತಿ. 'ನಾನು' ಎಂಬ ಅಹಂಕಾರವನ್ನು ಅಡಗಿಸಲೆಂದು ಇರುವುದು. ಆದರೆ ಬಹುವಚನದ ಮರೆಯಲ್ಲಿ ಅಹಂಕಾರದಂತೆಯೇ ಅಪರಾಧವೂ ಅಡಗಬಲ್ಲುದು. ಮೊದಲು ಕೂಗಿದ್ದು ಹುಡುಗರ ಗುಂಪಲ್ಲ. ಈ ಸಾಲುಗಳನ್ನು ಬರೆಯುತ್ತಿರುವ ನಾವು. ಆ ಒಂದು ವಾಕ್ಯದಲ್ಲಿ 'ನಾವು' ಎಂಬುದನ್ನು ವಾಚಕರು ಏಕವಚನವೆಂದೇ ತಿಳಿಯಬೇಕು.

ಕೂಗು ಮಠದ ಗೋಡೆಯೊಳಗೆ ಉಳಿಯಲಿಲ್ಲ. ಹೆಸರಿಡುವುದರಲ್ಲಿ ಮಕ್ಕಳಷ್ಟು ಜಾಣರೂ ನಿರ್ದಯರೂ ಬೇರೆಯಿಲ್ಲ. ವಾರ ಕಳೆಯುವುದರಲ್ಲಿ ಶಾಲೆಯ ಹುಡುಗರು, ಓಣಿಯ ಹುಡುಗರು ಆಕೆಯ ಹಿಂದೆ "ಮೋಹಿನಿ, ಕಾಲು ತೋರ್ಸು" ಎಂದು ಕೂಗುತ್ತ ಹೋಗತೊಡಗಿದರು. ಒಂದಿಬ್ಬರು ಕಲ್ಲೆಸೆದರು. ಹಿರಿಯರು ಮೊದಲು ನಕ್ಕರು, ಆಮೇಲೆ ಯೋಚಿಸತೊಡಗಿದರು. ಭಾನಾಮತಿಯ ಮಾತು ಮನೆಮನೆಯಲ್ಲಿ ಆಡುತ್ತಿದ್ದ ಸೀಮೆ ನಮ್ಮದು. ಒಬ್ಬಂಟಿ ಹೆಂಗಸು, ನಸುಕಿನಲ್ಲಿ ಓಡಾಡುವವಳು, ಮಾತಾಡದವಳು. ಅದೇ ಅಮಾವಾಸ್ಯೆಗೆ ಯಾರದೋ ಮನೆಯ ಕೂಸಿಗೆ ಜ್ವರ ಬಂತು. ಇಷ್ಟು ಸಾಕಾಯಿತು. ಆಕೆಯ ಕಟ್ಟಿಗೆ ಕೊಳ್ಳುತ್ತಿದ್ದ ಮನೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಆಕೆ ಯಾರೊಡನೆಯೂ ಜಗಳಾಡಲಿಲ್ಲ. ಒಂದು ದಿನ ನಸುಕಿನಲ್ಲಿ ಮಠದ ಒಲೆ ಹತ್ತಲಿಲ್ಲ. ಆಗಲೇ ಗೊತ್ತಾದದ್ದು, ಕಟ್ಟಿಗವ್ವ ಬಂದಿಲ್ಲವೆಂದು.

ಪರಸ್ಥಳದಿಂದ ಬಂದ ಅಜ್ಜಾರು ವಿಚಾರಿಸಿದರು. ಯಾರೂ ಬಾಯಿಬಿಡಲಿಲ್ಲ. ಅವರು ಗದರಲಿಲ್ಲ, ಪ್ರವಚನವನ್ನೂ ಮಾಡಲಿಲ್ಲ. "ಇನ್ಮ್ಯಾಲೆ ಒಲಿ ಕಾಯಕ ಹುಡುಗರದು. ದಿನಕ್ಕೊಬ್ಬರು" ಎಂದು ಅಪ್ಪಣೆ ಕೊಡಿಸಿ, ಸಾಲಾಗಿ ನಿಂತ ನಮ್ಮನ್ನೆಲ್ಲ ನೋಡುತ್ತ ಬಂದು, ನಮ್ಮ ಮುಂದೆ ನಿಂತು, "ತಮ್ಮಾ, ಮೊದಲು ನೀನ ಸುರು ಮಾಡು" ಎಂದರು. ಅವರಿಗೆ ವಿಷಯ ಗೊತ್ತಿತ್ತೇ? ಅಥವಾ ನಾವು ಸಾಲಿನ ತುದಿಯಲ್ಲಿ ನಿಂತಿದ್ದೇ ಕಾರಣವೇ? ಅಜ್ಜಾರು ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ಕೇಳುವ ಧೈರ್ಯ ಅವರಿದ್ದಾಗ ನಮಗೆ ಬರಲಿಲ್ಲ.

ಒಲೆಯ ಮುಂದೆ ಕುಳಿತ ಮೊದಲ ದಿನವೇ ಹೊಗೆಗೆ ಕಣ್ಣು ಉರಿದು ನೀರಿಳಿಯಿತು. ಜಾಲಿಯ ಮುಳ್ಳು ಅಂಗೈ ಸೇರಿತು. ಅಡುಗೆಯ ಅಯ್ಯನವರು ಮೊರವನ್ನು ನಮ್ಮ ಕೈಗಿತ್ತು, "ಕುಂತು ಕುಂತು ಇದನ್ನಷ್ಟು ಕೇರು" ಎಂದರು. ಕೇರುತ್ತಿರುವಾಗ ಒಲೆಯಿಂದ ಕೊಳ್ಳಿಯೊಂದು ಜಾರಿತು. ಎರಡೂ ಕೈಯಲ್ಲಿ ಮೊರ. ಏನು ಮಾಡುತ್ತಿದ್ದೇವೆಂದು ತಿಳಿಯುವ ಮೊದಲೇ ನಮ್ಮ ಕಾಲು ತಾನಾಗಿ ಚಾಚಿ ಆ ಕೊಳ್ಳಿಯನ್ನು ಒಳಕ್ಕೆ ನೂಕಿತ್ತು.

ವಾಚಕರೇ, ನಮ್ಮ ದೆವ್ವದ ಭಯ ಹೋದದ್ದು ಆ ಕ್ಷಣದಲ್ಲಿ. ಅದು ಹೋದ ಜಾಗದಲ್ಲಿ ಬೇರೊಂದು ಬಂದು ಕುಳಿತಿತು. ಅದು ಇನ್ನೂ ಎದ್ದು ಹೋಗಿಲ್ಲ.

ಅಂದು ಮಧ್ಯಾಹ್ನ ಅಯ್ಯನವರನ್ನು ಕೇಳಿದೆವು: "ಕಟ್ಟಿಗವ್ವನ ಕಾಲಿಗೆ ಏನಾಗಿತ್ತುರಿ?" ಅವರು ಹೇಳಿದ್ದು ಎರಡೇ ಮಾತು. "ಜಾತ್ರಿ ದಾಸೋಹದಾಗ ಸಾರಿನ ಕೊಪ್ಪರಿಗಿ ವಾಲಿತ್ತಪ್ಪ. ಕುದಿಯೋ ಸಾರು ಆಕಿ ಕಾಲಮ್ಯಾಲೆ ಬಿತ್ತು." ಯಾರ ಊಟಕ್ಕೆ ಕುದಿಯುತ್ತಿದ್ದ ಸಾರು? ಜಾತ್ರೆಗೆ ಬಂದ ಭಕ್ತರದು. ಪಂಕ್ತಿಯಲ್ಲಿ ಕುಳಿತಿದ್ದ ನಮ್ಮಂಥ ಮಕ್ಕಳದು. ಯಾವ ಕಾಲನ್ನು ಕಂಡು ನಾವು 'ದೆವ್ವ' ಎಂದೆವೋ ಅದು ನಮ್ಮ ಅನ್ನಕ್ಕಾಗಿಯೇ ಸುಟ್ಟಿತ್ತು.

ಹದಿನೈದು ದಿನಗಳ ಮೇಲೆ ಧೈರ್ಯ ತಂದುಕೊಂಡು ಕಾಲುವೆಯಾಚೆಯ ಜೋಪಡಿಗೆ ಹೋದೆವು. ತಡಿಕೆಯ ಬಾಗಿಲು ವಾಲಿತ್ತು. ಒಳಗೆ ಮೂರು ಕಲ್ಲಿನ ಒಲೆ, ತಣ್ಣನೆಯ ಬೂದಿ. ಕೊಯ್ಲಿನ ಆಳುಗಳ ಗುಂಪಿನೊಡನೆ ಯಾವುದೋ ಕ್ಯಾಂಪಿಗೆ ಹೋದಳೆಂದು ಪಕ್ಕದವರು ಹೇಳಿದರು. ಆಕೆಯನ್ನು ನಾವು ಮತ್ತೆ ನೋಡಲಿಲ್ಲ.

ಈಗ ಮೊಮ್ಮಗಳೊಡನೆ ಆ ಚಿತ್ರವನ್ನು ಮತ್ತೆ ನೋಡಿದಾಗ ಆದದ್ದನ್ನು ಹೇಳುತ್ತೇವೆ.

ಮೊದಲ ಅರ್ಧ ಗಂಟೆ ಮಗು ನಕ್ಕಿದ್ದೇ ನಕ್ಕಿದ್ದು. ಬಣ್ಣದ ಕಾಗದದಂತಹ ಕಾಡು, ಕುಣಿಯುವ ಎಲುಬಿನ ಗೂಡು, ಕಣ್ಣು ಮುಚ್ಚಿ ಬಿಡುವುದರಲ್ಲಿ ಮಾಯವಾಗುವ ಮನುಷ್ಯರು. ಈಗಿನ ಮಕ್ಕಳಿಗೆ ಈ ತಂತ್ರಗಳೆಲ್ಲ ಗೊತ್ತು. ಕ್ಯಾಮೆರಾ ನಿಲ್ಲಿಸಿ, ನಟನನ್ನು ಸರಿಸಿ, ಮತ್ತೆ ಓಡಿಸಿದರೆ ಮನುಷ್ಯ ಮಾಯ. ಒಂದೇ ಫಿಲ್ಮಿನ ಮೇಲೆ ಎರಡು ಸಲ ಚಿತ್ರ ಹಿಡಿದರೆ ಒಬ್ಬನ ಮೈಯ ಮೂಲಕ ಇನ್ನೊಬ್ಬ ಕಾಣುತ್ತಾನೆ. ಕಪ್ಪು ಪರದೆಯ ಮುಂದೆ ಕಪ್ಪು ಉಡುಪು ತೊಟ್ಟವನ ಮೇಲೆ ಬಿಳಿಯ ಎಲುಬು ಬರೆದರೆ ಅಸ್ಥಿಪಂಜರ ಕುಣಿಯುತ್ತದೆ. ಕಂಪ್ಯೂಟರು ಇಲ್ಲದ ಕಾಲದ ಕೈಚಳಕ ಇವು. 2009ರಲ್ಲಿ ತಮಿಳಿನಲ್ಲಿ ಇದೇ ಹೆಸರಿನ ಚಿತ್ರ ಕಂಪ್ಯೂಟರಿನ ಬೆಡಗಿನೊಡನೆ ಮತ್ತೆ ಬಂದಿತು. ಜನ ನೆನಪಿನಲ್ಲಿ ಇಟ್ಟುಕೊಂಡಿರುವುದು ಮಾತ್ರ ಹಳೆಯದನ್ನೇ.

ನಮ್ಮನ್ನು ಬೆರಗುಗೊಳಿಸಿದ್ದು ತಂತ್ರವಲ್ಲ, ಕಥೆ. ಮೋಹಿನಿ ಹುಟ್ಟಿನಿಂದ ಮೋಹಿನಿಯಲ್ಲ. ಬದುಕಿದ್ದಾಗ ಗಂಡಸೊಬ್ಬನಿಂದ ಮೋಸಹೋಗಿ ಸತ್ತ ಹೆಣ್ಣು. ಆಕೆಯ ಹಗೆಗೆ, ಹಂಬಲಕ್ಕೆ, ಇನ್ನೊಬ್ಬಳ ಸಂಸಾರದೊಳಗೆ ನುಸುಳುವ ಹಟಕ್ಕೆಲ್ಲ ಬುಡ ಅದು. ಹದಿನಾಲ್ಕರ ಹುಡುಗನಿಗೆ ಈ ಭಾಗ ಎಳ್ಳಷ್ಟೂ ನೆನಪಿರಲಿಲ್ಲ. ದೆವ್ವ ನೆನಪಿತ್ತು, ಅದನ್ನು ದೆವ್ವ ಮಾಡಿದವನು ಮರೆತುಹೋಗಿದ್ದ. ಊರಿನ ದೆವ್ವದ ಕಥೆಗಳನ್ನು ಈಗ ಒಂದೊಂದಾಗಿ ನೆನೆಸಿಕೊಂಡರೂ ಹೀಗೆಯೇ. ಬಾವಿಯ ದೆವ್ವ ಬಾವಿಗೆ ಬಿದ್ದ ಸೊಸೆ. ಹುಣಸೆಮರದ ದೆವ್ವ ಬಾಣಂತಿತನದಲ್ಲಿ ಸತ್ತವಳು. ಸಾಯುವ ಮೊದಲು ಅವರ ದುಃಖವನ್ನು ಕೇಳದ ಊರು, ಸತ್ತ ಮೇಲೆ ಅವರ ದನಿಗೆ ಹೆದರಿ ಬಾಗಿಲು ಹಾಕಿಕೊಳ್ಳುತ್ತದೆ. ಮಾಯೆಯನ್ನು ಹೆಣ್ಣಿನ ಮೈಯಲ್ಲಿ ಹುಡುಕಬೇಡಿ, ನೋಡುವವನ ಮನಸ್ಸಿನಲ್ಲಿ ಹುಡುಕಿ ಎಂದು ಶರಣರು ಎಂದೋ ತಿಳಿಸಿಕೊಟ್ಟಿದ್ದಾರೆ. ಅದನ್ನು ನಾವು ವೇದಿಕೆಯ ಮೇಲೆ ಎಷ್ಟು ಸಲ ವಿವರಿಸಿದ್ದೇವೆಂಬ ಲೆಕ್ಕವಿಲ್ಲ. ಅದಕ್ಕೆ ನಮ್ಮ ಬಾಳಿನಲ್ಲಿಯೇ ಇದ್ದ ದೃಷ್ಟಾಂತವನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

ಒಲೆಯ ದೃಶ್ಯ ಬಂದಿತು. ಒಲೆಯೊಳಗಿರುವುದು ಕೃತಕ ಕಾಲೆಂದು ಈಗ ನೋಡಿದರೆ ಮೊದಲ ನೋಟಕ್ಕೇ ತಿಳಿಯುತ್ತದೆ. ಮಗು ನಕ್ಕಳು. ನಗುವಿನ ನಡುವೆ ಥಟ್ಟನೆ ನಿಲ್ಲಿಸಿ, "ತಾತಾ, ಅವಳಿಗೆ ಉರಿಯಲ್ವಾ?" ಎಂದಳು.

ನಲವತ್ತಾರು ವರ್ಷಗಳ ಹಿಂದೆ ಟೆಂಟಿನಲ್ಲಿ ಕುಳಿತಿದ್ದ ಅಷ್ಟೊಂದು ಜನರಲ್ಲಿ ಒಬ್ಬರಿಗೂ ಹೊಳೆಯದ ಪ್ರಶ್ನೆ ಅದು. ನಮಗಂತೂ ಹೊಳೆದಿರಲಿಲ್ಲ. ಮೊಬೈಲನ್ನು ಮಗುಚಿಟ್ಟು, ಕಟ್ಟಿಗವ್ವನ ಕಥೆಯನ್ನು ಆಕೆಗೆ ಮೊದಲಿನಿಂದ ಹೇಳಿದೆವು. ಮಗು ಸುಮ್ಮನೆ ಕೇಳಿದಳು. ಕೊನೆಗೆ, "ಆಮೇಲೆ ನೀವು ಅವರಿಗೆ ಸಾರಿ ಹೇಳಿದ್ರಾ?" ಎಂದಳು.

"ಇಲ್ಲವ್ವಾ. ಆಕೆ ಸಿಗಲಿಲ್ಲ."

"ಅಜ್ಜಾರಿಗಾದರೂ ಹೇಳಿದ್ರಾ?"

"ಅದೂ ಇಲ್ಲ."

ಮಗು ಮತ್ತೇನೂ ಕೇಳಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದು ನಮ್ಮ ಮುಂದಿಟ್ಟು, ಮಲಗಲು ಹೋದಳು.

ಈ ಮಾತುಗಳನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವುದಕ್ಕೆ ಕಾರಣವಿದೆ. ಅಮಾನವೀಯ ಆಚರಣೆಗಳನ್ನೂ ಮಾಟಮಂತ್ರಗಳನ್ನೂ ತಡೆಯುವ ಕಾಯ್ದೆಯನ್ನು ನಮ್ಮ ರಾಜ್ಯ 2017ರಲ್ಲಿ ಅಂಗೀಕರಿಸಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟುವುದು, ಹೊಡೆಯುವುದು ಈಗ ಅಪರಾಧ. ಒಳ್ಳೆಯದೇ ಆಯಿತು. ಆದರೆ ಕಟ್ಟಿಗವ್ವನನ್ನು ಯಾವ ಮಾಂತ್ರಿಕನೂ ಕಟ್ಟಲಿಲ್ಲ, ಯಾರೂ ಬಾರುಕೋಲು ಹಿಡಿಯಲಿಲ್ಲ. ಒಬ್ಬ ಹುಡುಗ ಒಂದು ಹೆಸರಿಟ್ಟ. ಊರು ಅದನ್ನು ನಕ್ಕು ಒಪ್ಪಿಕೊಂಡಿತು. ಅದಕ್ಕೆ ಯಾವ ಕಲಮು?

ಆದ್ದರಿಂದ ತಾಯಿತಂದೆಗಳಲ್ಲಿ ನಮ್ಮ ಅರಿಕೆ. ಮಕ್ಕಳು ದೆವ್ವದ ಚಿತ್ರ ನೋಡಿದರೆಂದು ಗಾಬರಿಯಾಗಬೇಡಿ, ನೋಡಬೇಡವೆಂದು ಗೋಡೆಯನ್ನೂ ಕಟ್ಟಬೇಡಿ. ಮಕ್ಕಳು ಗೋಡೆ ಹಾರಬಲ್ಲರು. ವಿಠಲಾಚಾರ್ಯರ ಚಿತ್ರದ ತಪ್ಪೇನೂ ಇಲ್ಲ. ಆ ಪುಣ್ಯಾತ್ಮರು ಬಡವರನ್ನು ಎಂಟಾಣೆಗೆ ಮೂರು ಗಂಟೆ ನಗಿಸಿ ಹೆದರಿಸಿ ಮನೆಗೆ ಕಳುಹಿಸಿದರು. ನೀವು ಗಮನಿಸಬೇಕಾದುದು ಮರುದಿನ ಬೆಳಗಿನ ಮಾತನ್ನು. ಚಿತ್ರದ ದೆವ್ವದ ಹೆಸರನ್ನು ಮಗು ಯಾರಿಗೆ ಇಡುತ್ತದೆ? ಓಣಿಯ ಯಾವ ಮುದುಕಿಗೆ, ಶಾಲೆಯ ಯಾವ ಹುಡುಗಿಗ, ಕಸ ಗುಡಿಸಲು ಬರುವ ಯಾವ ತಾಯಿಗೆ? ಆ ಹೆಸರು ಕಿವಿಗೆ ಬಿದ್ದಾಗ ಮನೆಯ ಹಿರಿಯರು ನಗುತ್ತಾರೆಯೇ, ಇಲ್ಲವೇ? ಅಂದು ನಮ್ಮ ಊರಿನಲ್ಲಿ ಒಬ್ಬರಾದರೂ ನಗದೆ ಇದ್ದಿದ್ದರೆ ಮಠದ ಒಲೆ ಆ ನಸುಕಿನಲ್ಲಿ ಎಂದಿನಂತೆ ಹತ್ತುತ್ತಿತ್ತು.

ಈಗ ಮಠಗಳ ದಾಸೋಹದಲ್ಲಿ ಅನಿಲದ ಒಲೆ, ಹಬೆಯ ಪಾತ್ರೆಗಳು ಬಂದಿವೆ. ಕಟ್ಟಿಗೆ ನೂಕುವ ಕಾಲುಗಳು ಕಡಿಮೆಯಾಗಿವೆ. ಆದರೂ ಯಾವ ಮಠಕ್ಕೆ ಹೋದರೂ ಪ್ರಸಾದದ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಮೊದಲು ನಾವು ಅಡುಗೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು ಬರುತ್ತೇವೆ. ಇದೇನು ಹೊಸ ಆಚಾರವೆಂದು ಜೊತೆಯವರು ಕೇಳುವುದುಂಟು. ಇದುವರೆಗೆ ಉತ್ತರ ಕೊಟ್ಟಿರಲಿಲ್ಲ.

ಮುಂದಿನ ತಿಂಗಳು ಎಂದಿನಂತೆ ಪದವಿಚಾರಕ್ಕೆ ಮರಳೋಣ. ಶರಣು ಶರಣಾರ್ಥಿ.